ಕಡತ ದಾಟಿಸಿದವನ ಕಥೆ ಕನ್ನಡಕ್ಕೆ ಬೇಡವೇ?

ಕಳೆದ ಮಳೆಗಾಲದಲ್ಲಿ ನಮ್ಮ ಕಡೆಯ ಒಂದು ವಿಚಾರಸಂಕಿರಣದಲ್ಲಿ ನಾನು ಸಣ್ಣ ಮಾತೊಂದನ್ನು ಆಡಿ ದೊಡ್ಡ ನಗೆಪಾಟಲಿಗೆ ಗುರಿಯಾದೆ. ಅಂದಿನ ವಿಷಯ ಕನ್ನಡ ಗದ್ಯದ ಹೊಸ ರೂಪಗಳು. ಹರಟೆ, ಅಂಕಣ, ಆತ್ಮಕಥೆ, ಪ್ರವಾಸಕಥನ ಎಂದು ಒಬ್ಬೊಬ್ಬರು ಒಂದೊಂದನ್ನು ಹಂಚಿಕೊಂಡು ಮಾತನಾಡಿದರು. ನನ್ನ ಸರದಿ ಬಂದಾಗ, ಗಣಕಗಳು ಒಂದರೊಡನೊಂದು ವ್ಯವಹರಿಸುವುದಕ್ಕಾಗಿ ಬರೆದಿಟ್ಟ ಒಡಂಬಡಿಕೆಗಳೂ ನಮ್ಮ ಕಾಲದ ಗದ್ಯವೇ ಸರಿ, ಅವನ್ನು ಬರೆದವರ ಬಾಳನ್ನೂ ಬರವಣಿಗೆಯನ್ನೂ ನಮ್ಮ ಎಂ.ಎ. ವಿದ್ಯಾರ್ಥಿಗಳು ತಿಳಿದಿರಬೇಕು ಎಂದೆ. ಉದಾಹರಣೆಗೆಂದು ಅಭಯ ಭೂಷಣ್ ಎಂಬ ಹೆಸರನ್ನೂ ಹೇಳಿದೆ. ಅಧ್ಯಕ್ಷಪೀಠದಲ್ಲಿದ್ದ ಹಿರಿಯರು ಕನ್ನಡಕವನ್ನು ಸರಿಪಡಿಸಿಕೊಂಡು, “ಇನ್ನು ಮೇಲೆ ಅಂಚೆಯವನನ್ನೂ ಕವಿಯೆಂದು ಕರೆಯೋಣ” ಎಂದರು. ಸಭೆ ನಕ್ಕಿತು. ನಾನೂ ನಕ್ಕೆ. ಆ ಹೊತ್ತಿಗೆ ಬೇರೆ ದಾರಿ ಕಾಣಲಿಲ್ಲ.

ನನ್ನಂಥವರಿಗೆ ಉತ್ತರ ಹೊಳೆಯುವುದು ಸಭೆಯಲ್ಲಲ್ಲ, ಊರಿಗೆ ಮರಳುವ ಬಸ್ಸಿನಲ್ಲಿ. ತ್ರಾಸಿ ದಾಟಿ ಮರವಂತೆಗೆ ಬರುವಷ್ಟರಲ್ಲಿ, ಎಡಕ್ಕೆ ಕಡಲು ಬಲಕ್ಕೆ ಸೌಪರ್ಣಿಕೆ ಎಂಬ ಆ ಕಿರಿದಾದ ದಾರಿಯಲ್ಲಿ, ನಾನು ಏನು ಹೇಳಬೇಕಾಗಿತ್ತು ಎಂಬುದು ಸ್ಪಷ್ಟವಾಯಿತು. ಅದನ್ನು ಈಗ ಹೇಳುತ್ತೇನೆ. ಹಿರಿಯರ ಮೇಲೆ ನನಗೆ ಸಿಟ್ಟಿಲ್ಲ. ಅವರ ಪಾಠ ಕೇಳಿ ಬೆಳೆದವರಲ್ಲಿ ನಾನೂ ಒಬ್ಬ. ಆದರೆ ಅವರ ಮಾತು ಅವರೊಬ್ಬರದಲ್ಲ. ಕನ್ನಡ ವಿಭಾಗಗಳ ಸಾಮಾನ್ಯ ಅಭಿಪ್ರಾಯವೇ ಅದು. ಆ ಅಭಿಪ್ರಾಯಕ್ಕೆ ನಾವು ತೆತ್ತ ದಂಡ ಎಷ್ಟೆಂಬುದು ನನಗೆ ಅನುಭವದಿಂದ ಗೊತ್ತು.

*

ಮೊದಲು ಆ ಮನುಷ್ಯನ ಪರಿಚಯವಾಗಲಿ. ಅಭಯ ಭೂಷಣರು ಹುಟ್ಟಿದ್ದು 1944ರಲ್ಲಿ, ಅಲಹಾಬಾದಿನಲ್ಲಿ. ಕಾನ್ಪುರದ ಐ.ಐ.ಟಿ. 1960ರಲ್ಲಿ ಬಾಗಿಲು ತೆರೆದಾಗ ಒಳಹೊಕ್ಕ ಮೊದಲ ತಂಡದಲ್ಲಿ ಅವರಿದ್ದರು. ಆ ಸಂಸ್ಥೆಗೆ 1963ರಲ್ಲಿ ಐ.ಬಿ.ಎಂ. 1620 ಎಂಬ ಗಣಕ ಬಂದಿತು. ನಮ್ಮ ದೇಶದಲ್ಲಿ ವಿದ್ಯಾರ್ಥಿಗಳು ಗಣಕವನ್ನು ಪಾಠವಾಗಿ ಕಲಿಯುವ ಪರಿಪಾಠ ಬೇರೂರಿದ್ದು ಅಂಥ ಕಡೆಗಳಲ್ಲಿ. 1965ರಲ್ಲಿ ಎಂಜಿನಿಯರಿಂಗ್ ಪದವಿ ಪಡೆದು ಭೂಷಣರು ಅಮೆರಿಕದ ಎಂ.ಐ.ಟಿ.ಗೆ ಹೋದರು. ಎಲ್ಲರೂ ಹೋಗುವಂತೆಯೇ ಹೋದರು ಎನ್ನಬಹುದು. ಆದರೆ ಅವರು ಹೋದ ಹೊತ್ತು ಎಲ್ಲರಿಗೂ ಒದಗುವ ಹೊತ್ತಾಗಿರಲಿಲ್ಲ.

ಅಮೆರಿಕದ ರಕ್ಷಣಾ ಇಲಾಖೆಯ ಹಣದಿಂದ ಆರ್ಪಾನೆಟ್ ಎಂಬ ಜಾಲ ಆಗ ತಾನೇ ಹುಟ್ಟುತ್ತಿತ್ತು. 1969ರ ಅಕ್ಟೋಬರ್ 29ರಂದು ಲಾಸ್ ಏಂಜಲೀಸಿನ ವಿಶ್ವವಿದ್ಯಾನಿಲಯದಿಂದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯ ಗಣಕಕ್ಕೆ ಮೊದಲ ಮಾತು ಹೊರಟಿತು. ಕಳುಹಿಸಬೇಕಾಗಿದ್ದುದು ‘ಲಾಗಿನ್’ ಎಂಬ ಐದಕ್ಷರದ ಇಂಗ್ಲಿಷ್ ಪದ. ಎರಡು ಅಕ್ಷರ ಮುಟ್ಟುವಷ್ಟರಲ್ಲಿ ಅತ್ತಲಿನ ಯಂತ್ರ ಕುಸಿದುಬಿತ್ತು. ಜಗತ್ತನ್ನೆಲ್ಲ ಹೆಣೆದ ಅಂತರಜಾಲದ ಶ್ರೀಕಾರ ಹೀಗೆ ಅರ್ಧ ಮಾತಿನಲ್ಲಿ ನಿಂತಿತು. ನಮ್ಮಲ್ಲಿ ಮಕ್ಕಳು ಅಕ್ಕಿಯ ಮೇಲೆ ‘ಓಂ’ ಬರೆಯುವಾಗ ಕೈ ಜಾರುವುದಿಲ್ಲವೇ, ಹಾಗೆ.

ತಂತಿ ಎಳೆದ ಮಾತ್ರಕ್ಕೆ ಗಣಕಗಳು ಮಾತನಾಡಲಾರವು. ಈ ಮಾತನ್ನು ಸಾಹಿತ್ಯದ ಓದುಗರು ಸ್ವಲ್ಪ ನಿಧಾನಿಸಿ ಕೇಳಬೇಕು. ಅಂದಿನ ಗಣಕಗಳು ಒಂದೊಂದು ಒಂದೊಂದು ಜಾತಿ. ಒಂದು ಯಂತ್ರ ತನ್ನ ಲೆಕ್ಕವನ್ನು 36 ಬಿಟ್ಟುಗಳ ಕಟ್ಟುಗಳಲ್ಲಿ ಇಟ್ಟುಕೊಂಡರೆ ಇನ್ನೊಂದು 32ರ ಕಟ್ಟುಗಳಲ್ಲಿ ಇಟ್ಟುಕೊಳ್ಳುತ್ತಿತ್ತು. ಅಕ್ಷರಗಳಿಗೆ ಒಂದು ಯಂತ್ರ ಕೊಟ್ಟ ಸಂಖ್ಯೆ ಇನ್ನೊಂದಕ್ಕೆ ಅರ್ಥವಾಗುತ್ತಿರಲಿಲ್ಲ. ಕಡತಗಳಿಗೆ ಹೆಸರಿಡುವ ಕ್ರಮ ಬೇರೆ, ಬೀಗ ಹಾಕುವ ಕ್ರಮ ಬೇರೆ. ಇಲ್ಲಿಯ ಕಡತ ಅಲ್ಲಿಗೆ ಹೋಗಿ ಅಲ್ಲಿಯೂ ಅದೇ ಕಡತವಾಗಿ ಉಳಿಯಬೇಕಾದರೆ ಏನೇನು ಗೊತ್ತುಮಾಡಿಕೊಳ್ಳಬೇಕು? ಯಾರು ಮೊದಲು ಮಾತನಾಡಬೇಕು? ‘ನಾನು ಇಂಥವನು’ ಎಂದು ಹೇಗೆ ಹೇಳಬೇಕು? ‘ಇಂಥ ಕಡತ ಕೊಡು’ ಎಂದು ಕೇಳುವ ವಾಕ್ಯ ಯಾವುದು? ‘ಇಲ್ಲ’ ಎನ್ನುವ ಉತ್ತರ ಯಾವುದು? ನಡುವೆ ತಂತಿ ಕಡಿದರೆ ಏನು?

ಈ ಪ್ರಶ್ನೆಗಳಿಗೆಲ್ಲ ಉತ್ತರ ಕೊಡಲೆತ್ನಿಸಿದ ಒಂದು ಬರಹ 1971ರ ಏಪ್ರಿಲಿನಲ್ಲಿ ಪ್ರಕಟವಾಯಿತು. ಆರ್.ಎಫ್.ಸಿ. 114 ಎಂಬುದು ಅದರ ಸಂಖ್ಯೆ. ‘ಕಡತ ರವಾನೆಯ ಒಡಂಬಡಿಕೆ’ ಎಂಬುದು ಅದರ ತಲೆಬರಹದ ಅರ್ಥ. ಎಫ್.ಟಿ.ಪಿ. ಎಂದು ಮುಂದೆ ಪ್ರಸಿದ್ಧವಾದದ್ದು ಇದೇ. ಬರೆದವರು ಇಪ್ಪತ್ತಾರರ ವಯಸ್ಸಿನ ಅಭಯ ಭೂಷಣ್. ಅದರ ಮೂಲದಲ್ಲಿದ್ದ ತತ್ತ್ವ ಸರಳ: ದೂರದ ಯಂತ್ರದ ಒಳಗುಟ್ಟನ್ನೆಲ್ಲ ಬಳಸುವವನು ತಿಳಿಯಬೇಕಾದ ಅಗತ್ಯವಿರಬಾರದು, ಆ ಭಾರವನ್ನು ಒಡಂಬಡಿಕೆಯೇ ಹೊರಬೇಕು. ನಮ್ಮ ಬೈಂದೂರಿನ ರೈಲು ನಿಲ್ದಾಣದಲ್ಲಿ ನಿಂತು ನೋಡಿದವರಿಗೆ ಇದು ಸುಲಭವಾಗಿ ತಿಳಿದೀತು. ಗಾಡಿ ಹೊರಡುವುದಕ್ಕೆ ಮುಂಚೆ ಈ ನಿಲ್ದಾಣಕ್ಕೂ ಮುಂದಿನ ನಿಲ್ದಾಣಕ್ಕೂ ಮಾತಾಗಿರಬೇಕು. ಆ ಮಾತು ಬೇರೆ, ಗಾಡಿಯಲ್ಲಿ ಸಾಗುವ ಸರಕು ಬೇರೆ. ಭೂಷಣರ ಒಡಂಬಡಿಕೆ ಬೆಳೆದು ನಿಂತ ರೂಪದಲ್ಲಿಯೂ ಹಾಗೆಯೇ, ಮಾತುಕತೆಗೆ ಒಂದು ದಾರಿ, ಸರಕಿಗೆ ಇನ್ನೊಂದು ದಾರಿ. ಪ್ರತಿ ಮಾತಿಗೂ ಮೂರಂಕಿಯ ಉತ್ತರ. ಎರಡರಿಂದ ತೊಡಗಿದರೆ ಕೆಲಸವಾಯಿತು. ಐದರಿಂದ ತೊಡಗಿದರೆ ಆಗಲಿಲ್ಲ.

1972ರಲ್ಲಿ ಈ ಒಡಂಬಡಿಕೆಯಲ್ಲಿಯೇ ಮಿಂಚಂಚೆ ಕಳುಹಿಸುವ ಆಜ್ಞೆಗಳೂ ಸೇರಿದವು. 1982ರಲ್ಲಿ ಜಾನ್ ಪೋಸ್ಟೆಲ್ ಅಂಚೆಗೆಂದೇ ಪ್ರತ್ಯೇಕ ಒಡಂಬಡಿಕೆಯನ್ನು ಬರೆಯುವವರೆಗೆ ಜಾಲದ ಪತ್ರಗಳು ಹೆಚ್ಚಾಗಿ ಈ ಹೆಗಲ ಮೇಲೆಯೇ ಸಾಗಿದವು. ಭೂಷಣರು ಮುಂದೆ ಝೆರಾಕ್ಸ್ ಕಂಪೆನಿಯಲ್ಲಿ ದುಡಿದರು, ಅಲ್ಲಿ ಪರಿಸರರಕ್ಷಣೆಯ ಕೆಲಸದಲ್ಲಿ ತೊಡಗಿದರು, ಅನಂತರ ಮಿಂಚಂಚೆಯ ತಂತ್ರಾಂಶದ ಕಂಪೆನಿಯೊಂದರ ಸ್ಥಾಪಕರಲ್ಲಿ ಒಬ್ಬರಾದರು. ಅಂತರಜಾಲದ ಗಣ್ಯರ ಪಟ್ಟಿಯಲ್ಲಿ ಅವರ ಹೆಸರು ಸೇರಿದ್ದು 2023ರಲ್ಲಿ. ಬರೆದದ್ದಕ್ಕೂ ಗುರುತಿಸಿದ್ದಕ್ಕೂ ನಡುವೆ 52 ವರ್ಷ! ನಮ್ಮ ಅಕಾಡೆಮಿಗಳಿಗೆ ಇದರಿಂದ ಸಮಾಧಾನವಾದೀತು.

*

ಇಷ್ಟಾಗಿ ಇದರಲ್ಲಿ ಗದ್ಯವೆಲ್ಲಿ ಎಂದು ಕೇಳುವವರಿದ್ದಾರೆ. ಅವರು ಈ ಆರ್.ಎಫ್.ಸಿ.ಗಳ ಕಥೆಯನ್ನು ಕೇಳಬೇಕು. 1969ರ ಏಪ್ರಿಲಿನಲ್ಲಿ ಸ್ಟೀವ್ ಕ್ರಾಕರ್ ಎಂಬ ವಿದ್ಯಾರ್ಥಿ ಇವುಗಳಲ್ಲಿ ಮೊದಲನೆಯದನ್ನು ಬರೆದ. ಜಾಲದ ನಿಯಮಗಳನ್ನು ಬರೆಯಲು ಹೊರಟವರೆಲ್ಲ ಹೆಚ್ಚುಕಡಮೆ ಹುಡುಗರು. ತಮಗೆ ಅಧಿಕಾರವಿದೆಯೋ ಇಲ್ಲವೋ ಎಂಬ ಅಳುಕು ಅವರಿಗೆ. ಆದ್ದರಿಂದ ‘ನಿಯಮ’ ಎನ್ನಲಿಲ್ಲ, ‘ಆಜ್ಞೆ’ ಎನ್ನಲಿಲ್ಲ. ‘ಅಭಿಪ್ರಾಯಕ್ಕಾಗಿ ಕೋರಿಕೆ’ ಎಂದು ಹೆಸರಿಟ್ಟರು. ನುಣುಪಾಗಿ ತಿದ್ದಿ ತೀಡುವವರೆಗೆ ಕಾಯಬೇಡಿ, ಹೊಳೆದದ್ದನ್ನು ಹೊತ್ತಿಗೆ ಸರಿಯಾಗಿ ಬರೆಯಿರಿ ಎಂಬ ಸಲಹೆ ಮೂರನೆಯ ಬರಹದಲ್ಲಿಯೇ ಇದೆ. ಜಾಲವಿನ್ನೂ ಇಲ್ಲದ್ದರಿಂದ ಈ ಬರಹಗಳು ಕಾಗದದ ಮೇಲೆ ಅಚ್ಚಾಗಿ ಅಂಚೆಯಲ್ಲಿ ಹೋಗುತ್ತಿದ್ದವು. ನಮ್ಮ ಅಧ್ಯಕ್ಷರು ಹಾಸ್ಯಕ್ಕೆ ತಂದ ಅಂಚೆಯವನೇ ಅವುಗಳನ್ನೂ ಹೊತ್ತದ್ದು! ಈ ಸರಣಿಯನ್ನು ಹತ್ತಿರಹತ್ತಿರ ಮೂವತ್ತು ವರ್ಷ ಸಂಪಾದಿಸಿದ ಜಾನ್ ಪೋಸ್ಟೆಲ್ 1998ರ ಅಕ್ಟೋಬರಿನಲ್ಲಿ ತೀರಿಕೊಂಡಾಗ ವಿಂಟ್ ಸರ್ಫ್ ಬರೆದ ಚರಮಲೇಖವೂ ಅದೇ ಸರಣಿಯಲ್ಲಿ, ಆರ್.ಎಫ್.ಸಿ. 2468 ಎಂಬ ಸಂಖ್ಯೆ ಹೊತ್ತು ಪ್ರಕಟವಾಯಿತು. ನಿಯಮಾವಳಿಯ ಕಡತದಲ್ಲಿ ಗೆಳೆಯನಿಗಾಗಿ ಅತ್ತವರು ಗದ್ಯವನ್ನು ಅರಿಯದವರೇ?

ಕನ್ನಡದವರಾದ ನಮಗೆ ಇಂಥ ಬರವಣಿಗೆ ಹೊಸತಾಗಿ ಕಾಣಬೇಕಾದ ಕಾರಣವೇ ಇಲ್ಲ. ನಮಗೆ ದೊರೆತ ಮೊದಲ ಗ್ರಂಥ ಯಾವುದು? ಒಂಬತ್ತನೆಯ ಶತಮಾನದ ಕವಿರಾಜಮಾರ್ಗ. ಅದು ಕಾವ್ಯವೆನ್ನುವುದಕ್ಕಿಂತ ಹೆಚ್ಚಾಗಿ ಒಂದು ಒಡಂಬಡಿಕೆ. ಕಾವೇರಿಯಿಂದ ಗೋದಾವರಿಯವರೆಗೆ ಹರಡಿದ ನಾಡು, ಊರಿಗೊಂದು ಮಾತು. ಇವರೆಲ್ಲ ಒಬ್ಬರ ಬರಹವನ್ನು ಒಬ್ಬರು ಓದಬೇಕಾದರೆ ಯಾವುದನ್ನು ಒಪ್ಪಬೇಕು, ಯಾವುದನ್ನು ದೋಷವೆನ್ನಬೇಕು, ಸಂಸ್ಕೃತ ಪದವನ್ನು ಕನ್ನಡ ಪದದೊಡನೆ ಎಲ್ಲಿ ಬೆಸೆಯಬಹುದು, ಎಲ್ಲಿ ಬೆಸೆಯಬಾರದು ಎಂಬುದನ್ನು ಅದು ಗೊತ್ತುಮಾಡಿತು. ನಾಲ್ಕು ಶತಮಾನದ ಮೇಲೆ ಕೇಶಿರಾಜ ಶಬ್ದಮಣಿದರ್ಪಣದಲ್ಲಿ ಮಾಡಿದ್ದೂ ಆ ಜಾತಿಯ ಕೆಲಸವೇ. ಕೇಶಿರಾಜನಿಗೆ ಪಠ್ಯದಲ್ಲಿ ಒಂದು ಪತ್ರಿಕೆಯನ್ನೇ ಮೀಸಲಿಡುವ ನಾವು, ಇಂದಿನ ಕೇಶಿರಾಜರನ್ನು ಕಂಡರೆ ಅಂಚೆಯವರೆಂದು ನಗುತ್ತೇವೆ. ಇದು ಯಾವ ನ್ಯಾಯ?

ಎರಡನೆಯ ಆಕ್ಷೇಪ ಇನ್ನೂ ಬಲವಾದದ್ದು. ‘ಭೂಷಣ್ ಕನ್ನಡಿಗನಲ್ಲ, ಅವನ ಬರಹ ಕನ್ನಡದಲ್ಲಿಲ್ಲ, ಕನ್ನಡ ಮೇಷ್ಟ್ರಿಗೆ ಅವನ ಗೊಡವೆ ಏಕೆ?’ ಅರಿಸ್ಟಾಟಲನೂ ಕನ್ನಡಿಗನಲ್ಲವಲ್ಲ ಎಂದು ಹೇಳಿ ಜಾರಿಕೊಳ್ಳುವುದು ಸುಲಭ. ನಾನು ಜಾರಿಕೊಳ್ಳುವುದಿಲ್ಲ. ಕೋಟದ ಶಿವರಾಮ ಕಾರಂತರು ಕಾದಂಬರಿಗಳನ್ನು ಬರೆದ ಕೈಯಿಂದಲೇ ವಿಜ್ಞಾನ ಪ್ರಪಂಚದ ನಾಲ್ಕು ದೊಡ್ಡ ಸಂಪುಟಗಳನ್ನೂ ಬರೆದರು. ನಮ್ಮ ಈ ಕರಾವಳಿ ಅಕ್ಷರದ ಯಂತ್ರಗಳಿಗೆ ಎಂದೂ ಹೆದರಿದ್ದಲ್ಲ. ಮಂಗಳೂರಿನಲ್ಲಿ 1843ರಲ್ಲಿ ಕಲ್ಲಚ್ಚಿನಲ್ಲಿ ಕನ್ನಡದ ಮೊದಲ ಪತ್ರಿಕೆ ಹೊರಟಿತು. 1894ರಲ್ಲಿ ಕಿಟ್ಟೆಲರ ನಿಘಂಟು ಮೊಳೆಯಚ್ಚಿನಲ್ಲಿ ಬಂದಿತು. ಆ ಮೊಳೆಗಳನ್ನು ಎರಕ ಹೊಯ್ದವರ ಊರು ಯಾವುದೆಂದು ಅಂದು ಯಾರೂ ಕೇಳಲಿಲ್ಲ. ಆ ಮೊಳೆ ಕನ್ನಡದ್ದಾಯಿತು, ಅಷ್ಟೆ. ಜಾಲವೂ ಹಾಗೆ ಕನ್ನಡದ್ದಾಗಬೇಕಿತ್ತು. ಆಗುವ ಹೊತ್ತಿಗೆ ಕನ್ನಡ ವಿಭಾಗಗಳು ಎಲ್ಲಿದ್ದವು ಎಂಬುದೇ ನನ್ನ ಪ್ರಶ್ನೆ.

*

ನಾನೆಲ್ಲಿದ್ದೆ ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ಏಕೆಂದರೆ ಈ ದೂರಿನಲ್ಲಿ ಮೊದಲ ಆರೋಪಿ ನಾನೇ.

ನಾನು ಅಧ್ಯಾಪಕನಾದ ಹೊಸತರಲ್ಲಿ ಒಬ್ಬ ವಿದ್ಯಾರ್ಥಿ, ಬೈಂದೂರಿನ ಒಳನಾಡಿನ ಹಳ್ಳಿಯವನು, ತನ್ನ ಅಜ್ಜಿಯಿಂದ ನಟ್ಟಿಯ ಹಾಡುಗಳನ್ನೂ ಶೋಭಾನೆಗಳನ್ನೂ ಬರೆದುಕೊಂಡು ತಂದ. ಅರುವತ್ತಕ್ಕೂ ಮಿಕ್ಕಿ ಹಾಡುಗಳು, ಅಪ್ಪಟ ಕುಂದಗನ್ನಡ. ಯಾವ ಸಂಕಲನದಲ್ಲಿಯೂ ನಾನು ಕಾಣದ ಪದಗಳು ಅವುಗಳಲ್ಲಿದ್ದವು. ಎರಡು ರಜೆಗಳಲ್ಲಿ ಅವನು ಎಲ್ಲವನ್ನೂ ಗಣಕದಲ್ಲಿ ಬೆರಳಚ್ಚು ಮಾಡಿದ. ಯಾವ ಫಾಂಟಿನಲ್ಲಿ ಮಾಡಲಿ ಸರ್ ಎಂದು ಕೇಳಿದ್ದ. “ಯಾವುದಾದರೇನು ಮಾರಾಯ? ಅಚ್ಚಾಗಿ ಬಂದರೆ ಸಾಕು” ಎಂದೆ. ಆ ಒಂದು ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲು ಸಾಧ್ಯವಾಗಿದ್ದರೆ!

ವರ್ಷಗಳು ಕಳೆದವು. ಅಜ್ಜಿ ತೀರಿಕೊಂಡರು. ಮೂಲದ ನೋಟುಪುಸ್ತಕಕ್ಕೆ ಒರಲೆ ಹಿಡಿಯಿತು. ಅಚ್ಚಿನ ಪ್ರತಿ ಮಳೆಗಾಲವೊಂದರಲ್ಲಿ ಮುದ್ದೆಯಾಯಿತು. ಉಳಿದದ್ದು ಒಂದು ಸಿ.ಡಿ. ಜಾನಪದ ಸಾಮಗ್ರಿಯನ್ನು ಸಂಗ್ರಹಿಸುತ್ತಿದ್ದ ಒಂದು ಸಂಸ್ಥೆಗೆ ನಾನು ಅದರೊಳಗಿನ ಕಡತವನ್ನು ಸಂಭ್ರಮದಿಂದ ಮಿಂಚಂಚೆಯಲ್ಲಿ ಕಳುಹಿಸಿದೆ. ಎರಡು ದಿನದಲ್ಲಿ ಉತ್ತರ ಬಂದಿತು: “ದಯವಿಟ್ಟು ಕನ್ನಡದಲ್ಲಿ ಕಳುಹಿಸಿ.” ತೆರೆದು ನೋಡಿದರೆ ಪುಟದ ತುಂಬ ರೋಮನ್ ಅಕ್ಷರಗಳು, ಅವುಗಳ ತಲೆಯ ಮೇಲೆ ಕೊಂಬು, ಚುಕ್ಕೆ, ಬಾಲ. ಅಜ್ಜಿಯ ಹಾಡು ದೆವ್ವ ಹೊಕ್ಕವರ ಬಡಬಡಿಕೆಯಂತೆ ಕಾಣುತ್ತಿತ್ತು.

ಆದದ್ದೇನು? ಗಣಕಕ್ಕೆ ಅಕ್ಷರ ಗೊತ್ತಿಲ್ಲ. ಸಂಖ್ಯೆ ಮಾತ್ರ ಗೊತ್ತು. ಯಾವ ಅಕ್ಷರಕ್ಕೆ ಯಾವ ಸಂಖ್ಯೆ ಎಂಬುದು ಇಬ್ಬರೂ ಒಪ್ಪಿಕೊಂಡ ಮಾತಾಗಿರಬೇಕು. ಆರ್ಪಾನೆಟ್ ಕಟ್ಟಿದವರು ಇದನ್ನು ಮೊದಲೇ ಕಂಡುಕೊಂಡಿದ್ದರು: ಜಾಲದ ಮೇಲೆ ಆಸ್ಕಿ ಎಂಬ ಸಂಖ್ಯಾಪಟ್ಟಿಯನ್ನು ಬಳಸೋಣವೆಂದು ವಿಂಟ್ ಸರ್ಫ್ 1969ರ ಅಕ್ಟೋಬರಿನಲ್ಲಿಯೇ, 20ನೆಯ ಆರ್.ಎಫ್.ಸಿ.ಯಲ್ಲಿ ಬರೆದರು. ಆಸ್ಕಿಯಲ್ಲಿರುವುದು 128 ಮನೆಗಳು. ಇಂಗ್ಲಿಷಿಗೆ ಸಾಕು, ಕನ್ನಡಕ್ಕೆ ಅಲ್ಲಿ ಒಂದು ಮನೆಯೂ ಇಲ್ಲ. ಆದ್ದರಿಂದ ನಮ್ಮ ಹಳೆಯ ಫಾಂಟುಗಳು ಒಂದು ಉಪಾಯ ಹೂಡಿದವು. ರೋಮನ್ ಅಕ್ಷರಗಳ ಸಂಖ್ಯೆಗಳನ್ನೇ ಇಟ್ಟುಕೊಂಡು ಅವುಗಳ ಮೇಲೆ ಕನ್ನಡದ ಆಕಾರಗಳನ್ನು ಹೊದಿಸಿದವು. ಒಳಗೆ ರೋಮನ್, ಹೊರಗೆ ಕನ್ನಡದ ವೇಷ. ಆ ಫಾಂಟು ಇರುವ ಗಣಕದಲ್ಲಿ ವೇಷ ನಿಲ್ಲುತ್ತದೆ. ಇಲ್ಲದ ಗಣಕಕ್ಕೆ ಹೋದೊಡನೆ ಬಣ್ಣ ಕಳಚುತ್ತದೆ. ಒಂದು ಫಾಂಟಿನ ವೇಷ ಇನ್ನೊಂದಕ್ಕೆ ಹೊಂದುವುದೂ ಇಲ್ಲ.

ಯೂನಿಕೋಡ್ ಎಂಬ ಜಾಗತಿಕ ಪಟ್ಟಿಯಲ್ಲಿ ಕನ್ನಡಕ್ಕೆ 1991ರಿಂದಲೂ ಅದರದೇ ಆದ ಕೇರಿಯಿದೆ: 3200ರಿಂದ 3327ರವರೆಗೆ 128 ಮನೆ. ‘ಕ’ ಅಕ್ಷರದ ಸಂಖ್ಯೆ 3221. ಬೈಂದೂರಿನಲ್ಲಿಯೂ ಅದೇ, ಬೋಸ್ಟನ್ನಿನಲ್ಲಿಯೂ ಅದೇ. ಜಾಲದ ಮೇಲೆ ಸಾಗುವಾಗ ಪ್ರತಿ ಸಂಖ್ಯೆಯೂ ಮೂರು ಬೈಟುಗಳ ಗಂಟಾಗುತ್ತದೆ. ಆ ಗಂಟು ಕಟ್ಟುವ ಕ್ರಮವನ್ನು ಕೆನ್ ಥಾಂಪ್ಸನ್, ರಾಬ್ ಪೈಕ್ ಎಂಬಿಬ್ಬರು ರೂಪಿಸಿದ್ದು 1992ರಲ್ಲಿ. ‘ಕನ್ನಡ’ ಎಂಬ ಪದ ಕ, ನ, ವಿರಾಮಚಿಹ್ನೆ, ನ, ಡ ಎಂದು ಐದು ಸಂಖ್ಯೆಯಾಗಿ, ಹದಿನೈದು ಬೈಟುಗಳಾಗಿ ಕಡಲು ದಾಟುತ್ತದೆ.

ವ್ಯಾಕರಣ ಓದಿದವರಿಗೆ ಇಲ್ಲಿ ಇನ್ನೂ ಒಂದು ಸೊಗಸಿದೆ. ‘ಧರ್ಮ’ ಎಂದು ಬರೆಯುವಾಗ ನಮ್ಮ ಲೇಖನಿ ‘ಧ’, ‘ಮ’ ಬರೆದು ಕೊನೆಗೆ ಅರ್ಕಾವೊತ್ತು ಇಡುತ್ತದೆ. ನಾಲಗೆಯಾದರೋ ರೇಫವನ್ನು ಮಕಾರಕ್ಕೆ ಮೊದಲೇ ನುಡಿಯುತ್ತದೆ. ಹಳೆಯ ಫಾಂಟು ಲೇಖನಿಯ ಕ್ರಮವನ್ನು ಹಿಡಿಯಿತು. ಯೂನಿಕೋಡ್ ನಾಲಗೆಯ ಕ್ರಮವನ್ನು ಹಿಡಿಯಿತು. ಆಕಾರ ಮುಖ್ಯವೋ, ಧ್ವನಿ ಮುಖ್ಯವೋ? ಲಿಪಿಗೂ ನುಡಿಗೂ ಇರುವ ಈ ಭೇದ ನಮ್ಮ ವೈಯಾಕರಣರು ಶತಮಾನಗಳಿಂದ ಚರ್ಚಿಸಿದ ವಿಷಯ. ಕನ್ನಡ ಮೇಷ್ಟ್ರಿಗೆ ಸಂಬಂಧವಿಲ್ಲದ್ದು ಎಂದು ನಾವು ದೂರ ಸರಿಸಿದ್ದು ನಮ್ಮ ಸ್ವಂತ ಮನೆಯ ಪಾಠವನ್ನು! ನಾವು ಕುಳಿತು ತೀರ್ಮಾನಿಸಬೇಕಾದ ಮಾತುಗಳನ್ನು ಬೇರೆಯವರು ಬೇರೆ ಕಡೆ ಕುಳಿತು ತೀರ್ಮಾನಿಸಿದರು. ಅವರ ಪುಣ್ಯ, ನಮ್ಮ ಭಾಗ್ಯ, ಹೆಚ್ಚಿನದನ್ನು ಸರಿಯಾಗಿಯೇ ತೀರ್ಮಾನಿಸಿದರು.

*

ಎಲ್ಲರೂ ಹೀಗೆ ಕಣ್ಣುಮುಚ್ಚಿ ಕುಳಿತಿದ್ದರೆಂದರೆ ಅನ್ಯಾಯವಾದೀತು. ನಮ್ಮದೇ ಕರಾವಳಿಯ ಕಿನ್ನಿಕಂಬಳದಲ್ಲಿ 1940ರಲ್ಲಿ ಹುಟ್ಟಿದ ಕೆ.ಪಿ. ರಾವ್ ಅವರನ್ನು ನೆನೆಯಿರಿ. ಮುದ್ರಣದ ಅಕ್ಷರಜೋಡಣೆಯ ಕ್ಷೇತ್ರದಲ್ಲಿ ಪಳಗಿದ ಅವರು, ಕನ್ನಡದ ನೂರಾರು ಗುಣಿತಾಕ್ಷರ, ಒತ್ತಕ್ಷರಗಳಿಗೆಲ್ಲ ಒಂದೊಂದು ಕೀಲಿ ಬೇಕಿಲ್ಲ, ಸ್ವರವನ್ನೂ ವ್ಯಂಜನವನ್ನೂ ಬೇರೆಬೇರೆ ಒತ್ತಿದರೆ ಸಾಕು, ಕೂಡಿಸುವ ಕೆಲಸ ತಂತ್ರಾಂಶದ್ದು ಎಂಬುದನ್ನು ಮಾಡಿ ತೋರಿಸಿದರು. ಇಂಗ್ಲಿಷಿನ 26 ಕೀಲಿಗಳ ಮಣೆಯಲ್ಲಿ ಇಡೀ ಕನ್ನಡ ಕುಳಿತುಕೊಂಡಿತು. ಸರಕಾರ ಅದೇ ವಿನ್ಯಾಸವನ್ನು ಅಂಗೀಕರಿಸಿತು. ತಮ್ಮ ತಂತ್ರಾಂಶಕ್ಕೆ ಅವರು ಇಟ್ಟ ಹೆಸರು ‘ಸೇಡಿಯಾಪು’. ಛಂದಸ್ಸು, ವ್ಯಾಕರಣಗಳಿಗೆ ಬಾಳನ್ನೇ ತೆತ್ತ ಪಂಡಿತ ಸೇಡಿಯಾಪು ಕೃಷ್ಣಭಟ್ಟರ ಹೆಸರು ಅದು. ಅದನ್ನು ಅವರು ಮಾರಲಿಲ್ಲ, ಬೇಕಾದವರಿಗೆಲ್ಲ ಬಿಟ್ಟುಕೊಟ್ಟರು. ತಂತ್ರಜ್ಞ ಪಂಡಿತನನ್ನು ಇಷ್ಟು ಗೌರವದಿಂದ ನೆನೆದ. ಪಂಡಿತರಾದ ನಾವು ತಂತ್ರಜ್ಞನನ್ನು ನೆನೆದ ಬಗೆ ಯಾವುದು? ಹಂಪಿಯ ಕನ್ನಡ ವಿಶ್ವವಿದ್ಯಾಲಯ ಅವರಿಗೆ ನಾಡೋಜ ಪದವಿಯನ್ನು ಕೊಟ್ಟಿತು. ಅದು ಒಳ್ಳೆಯ ಕೆಲಸ. ಶಾಲು ಹೊದಿಸಿದ ಮೇಲೆ ಅವರ ಕೆಲಸವನ್ನು ತರಗತಿಯಲ್ಲಿ ಪಾಠ ಮಾಡಿದವರೆಷ್ಟು ಜನ? 1998ರಲ್ಲಿ ‘ಬರಹ’ವನ್ನು ಕೊಟ್ಟ ಶೇಷಾದ್ರಿವಾಸು, 2003ರಿಂದ ಕನ್ನಡ ವಿಕಿಪೀಡಿಯವನ್ನು ಸಂಬಳವಿಲ್ಲದೆ ಕಟ್ಟುತ್ತ ಬಂದವರು, ಇವರೆಲ್ಲರ ಪಾಲಿಗೂ ನಮ್ಮ ಸಾಹಿತ್ಯಚರಿತ್ರೆಗಳಲ್ಲಿ ಒಂದು ಅಡಿಟಿಪ್ಪಣಿಯಾದರೂ ಇದೆಯೇ?

ಇನ್ನೊಂದು ಪಕ್ಷದವರನ್ನೂ ಬಿಡುವಂತಿಲ್ಲ. ಅವರಿಗೆ ಗಣಕವೆಂದರೆ ಭಕ್ತಿ. ಆದರೆ ದೇವರು ಬೇರೆ. ಭೂಷಣರ ಕಥೆಯನ್ನು ನಮ್ಮ ಪೇಟೆಯ ಹೋಟೆಲಿನಲ್ಲಿ ಪರಿಚಿತರೊಬ್ಬರಿಗೆ ಹೇಳಿದೆ. ಚಾ ಮುಗಿಸುವವರೆಗೆ ಕಿವಿಗೊಟ್ಟು ಕೇಳಿದ ಅವರು, “ಹ್ವಾಯ್ ಮಾಷ್ಟ್ರೇ, ಅಷ್ಟೆಲ್ಲ ಮಾಡಿ ಆ ಜನ ದುಡ್ಡ್ ಎಷ್ಟ್ ಮಾಡ್ದ?” ಎಂದರು. ಹಿಂದೆ ಮುಂಬಯಿಯ ಹೋಟೆಲಿಗೆ ಹೋದ ಹುಡುಗರ ಯೋಗ್ಯತೆಯನ್ನು ಊರಿನಲ್ಲಿ ಕಟ್ಟಿಸಿದ ಮನೆಯಿಂದ ಅಳೆಯುತ್ತಿದ್ದೆವು. ಇಂದು ಬೆಂಗಳೂರಿಗೆ ಹೋದವರನ್ನೂ ಅದೇ ಕೋಲಿನಿಂದ ಅಳೆಯುತ್ತೇವೆ. ಅಂತರಜಾಲದ ಅಡಿಗಲ್ಲುಗಳನ್ನು ಇಟ್ಟವರಲ್ಲಿ ಹಲವರು ತಮ್ಮ ಒಡಂಬಡಿಕೆಗೆ ಬೇಲಿ ಹಾಕಲಿಲ್ಲ, ಬಳಸಿದವರಿಂದ ಕಾಸು ಕೇಳಲಿಲ್ಲ. ಎಫ್.ಟಿ.ಪಿ.ಯನ್ನು ಯಾರು ಬೇಕಾದರೂ ಓದಬಹುದಾಗಿತ್ತು, ತಿದ್ದಬಹುದಾಗಿತ್ತು, ತಿದ್ದಿದರು ಕೂಡ. ಮಕ್ಕಳಿಗೆ ಈ ಭಾಗವನ್ನು ಹೇಳದೆ ಸಂಬಳದ ಭಾಗವನ್ನಷ್ಟೇ ಹೇಳುವವರು ಗಣಕಕ್ಕೆ ಮಾಡುವ ಅವಮಾನ, ಕನ್ನಡ ಮೇಷ್ಟ್ರುಗಳ ತಾತ್ಸಾರಕ್ಕಿಂತ ಸಣ್ಣದಲ್ಲ.

ಭೂಷಣರನ್ನು ದೇವರಾಗಿಸುವ ಉದ್ದೇಶ ನನಗಿಲ್ಲ. ಅವರ ಒಡಂಬಡಿಕೆಯಲ್ಲಿ ದೊಡ್ಡ ಕುಂದಿತ್ತು. ಬೀಗದ ಗುಪ್ತಪದವೂ ತಂತಿಯ ಮೇಲೆ ಮರೆಯಿಲ್ಲದೆ ಬೆತ್ತಲೆಯಾಗಿ ಸಾಗುತ್ತಿತ್ತು. ಎಲ್ಲರೂ ಎಲ್ಲರನ್ನೂ ಬಲ್ಲ ಹಳ್ಳಿಯಲ್ಲಿ ಕದಕ್ಕೆ ಅಗುಳಿ ಹಾಕದೆ ಮಲಗುವಂತೆ ಅಂದಿನ ಜಾಲವಿತ್ತು. ಹಳ್ಳಿ ಜಗತ್ತಾದಾಗ ಆ ನಂಬಿಕೆ ಉಳಿಯಲಿಲ್ಲ. ಐವತ್ತು ವರ್ಷ ದುಡಿದ ಮೇಲೆ, 2021ರಲ್ಲಿ, ಪ್ರಮುಖ ಬ್ರೌಸರುಗಳು ಅದನ್ನು ಕೈಬಿಟ್ಟವು. ಆದರೇನು? ಕೇಶಿರಾಜನ ಕನ್ನಡವನ್ನು ನಾವಿಂದು ಆಡುವುದಿಲ್ಲ. ಕೇಶಿರಾಜನನ್ನು ಓದುವುದನ್ನು ಬಿಟ್ಟಿದ್ದೇವೆಯೇ?

*

ನಾನು ಬೇಡುವುದು ಮೂರೇ ಮೂರು. ಒಂದು: ಯಾವ ಕಾಲೇಜೂ, ಯಾವ ವಿಶ್ವವಿದ್ಯಾನಿಲಯವೂ ಯೂನಿಕೋಡಿನಲ್ಲಿಲ್ಲದ ಕನ್ನಡ ಪ್ರಬಂಧವನ್ನು ಸ್ವೀಕರಿಸಬಾರದು. ಹಳೆಯ ಫಾಂಟಿನಲ್ಲಿಯೇ ಬರಲಿ ಎಂದು ಹಟ ಹಿಡಿಯುವ ಕಚೇರಿಗಳನ್ನು ನಾನು ಈಚೆಗೂ ಕಂಡಿದ್ದೇನೆ. ಎರಡು: ಕನ್ನಡ ಎಂ.ಎ.ಯಲ್ಲಿ ಲಿಪಿಯ ಚರಿತ್ರೆ ಶಾಸನದಿಂದ ತೊಡಗಿ ಅಚ್ಚಿನ ಮೊಳೆಗೆ ಬಂದು ನಿಲ್ಲಬಾರದು. ಕೀಲಿಮಣೆ, ಸಂಖ್ಯಾಪಟ್ಟಿ, ಜಾಲದ ಒಡಂಬಡಿಕೆಗಳವರೆಗೂ ಅದು ಸಾಗಬೇಕು. ಮೂರು: ಪದವಿಯ ಗದ್ಯಪಠ್ಯದಲ್ಲಿ ಒಂದು ಪಾಠವಾದರೂ ಭೂಷಣ್, ಕೆ.ಪಿ. ರಾವ್ ಅಂಥವರ ಜೀವನದ ಬಗೆಗೆ ಇರಬೇಕು, ಮತ್ತು ಅದನ್ನು ಒಳ್ಳೆಯ ಕನ್ನಡದಲ್ಲಿ ಬರೆಯುವ ಹೊಣೆಯನ್ನು ಎಂಜಿನಿಯರುಗಳ ಮೇಲೆ ಹೊರಿಸದೆ ನಾವು ಹೊರಬೇಕು. ಇದಕ್ಕೆ ಕೋಟಿ ರೂಪಾಯಿಯ ಯೋಜನೆ ಬೇಡ, ಮಂತ್ರಿಗಳ ಉದ್ಘಾಟನೆಯೂ ಬೇಡ. ಅಧ್ಯಯನ ಮಂಡಲಿಯ ಒಂದು ಮಧ್ಯಾಹ್ನ ಸಾಕು.

ಹಾಡುಗಳ ಗತಿ ಏನಾಯಿತು ಎಂದು ವಾಚಕರು ಕೇಳಬಹುದು. ಅಂದಿನ ಆ ವಿದ್ಯಾರ್ಥಿ ಇಂದು ಬೆಂಗಳೂರಿನಲ್ಲಿ, ಇದೇ ಜಾಲದ ಕೆಲಸದಲ್ಲಿದ್ದಾನೆ. ಸಿ.ಡಿ.ಯ ಸುದ್ದಿ ತಿಳಿದು ಅವನು ನನ್ನನ್ನು ದೂರಲಿಲ್ಲ. ನಾಲ್ಕು ಭಾನುವಾರ ಕುಳಿತು, ಹಳೆಯ ವೇಷವನ್ನು ಕಳಚಿ ಕನ್ನಡದ ಸಂಖ್ಯೆಗಳನ್ನು ತೊಡಿಸುವ ಒಂದು ಸಣ್ಣ ತಂತ್ರಾಂಶವನ್ನು ಬರೆದ. ಹೆಚ್ಚಿನ ಹಾಡುಗಳು ಮರಳಿ ಬಂದವು. ಒತ್ತಕ್ಷರಗಳು ಕಲಸಿಹೋದ ಕಡೆ ನಾವಿಬ್ಬರೂ ಫೋನಿನಲ್ಲಿ ಕುಳಿತು ಊಹಿಸಿ ತಿದ್ದಿದೆವು. ಶಿಷ್ಟಗನ್ನಡದ ಪದವಾದರೆ ನಿಘಂಟು ಇದೆ. ಕುಂದಗನ್ನಡದ ಗದ್ದೆಯ ಮಾತಿಗೆ ನಿಘಂಟಾಗಿದ್ದವರು ಆ ಅಜ್ಜಿಯೇ. ಏಳು ಸಾಲುಗಳು ಇನ್ನೂ ತಿಳಿಯದೆ ಉಳಿದಿವೆ. ಅವುಗಳಲ್ಲಿ ಒಂದು, ನಟ್ಟಿ ಮುಗಿಯುವ ಹೊತ್ತಿಗೆ ಹಾಡುವ ಹಾಡಿನ ಕೊನೆಯ ಸಾಲು. ಅದನ್ನು ಓದಿಕೊಡಬಲ್ಲವರು ಈಗ ಯಾರೂ ಇಲ್ಲ.

ಅಧ್ಯಕ್ಷರಾಗಿದ್ದ ಹಿರಿಯರಿಗೆ ನನ್ನ ವಿನಯದ ಉತ್ತರ ಇಷ್ಟೇ. ಅಂಚೆಯವನು ಕವಿಯಲ್ಲ, ಒಪ್ಪಿದೆ. ಆದರೆ ಅವನ ಚೀಲ ಹರಿದಿತ್ತು, ಹರಿದದ್ದು ನನಗೆ ಗೊತ್ತಿರಲಿಲ್ಲ, ಗೊತ್ತುಮಾಡಿಕೊಳ್ಳುವುದು ನನ್ನ ಕೆಲಸವಲ್ಲವೆಂದು ತಿಳಿದಿದ್ದೆ. ಆ ಚೀಲದಿಂದ ಬಿದ್ದುಹೋದದ್ದು ಕವಿತೆ.